ಜೇಬು ಹೊಲಿಯುವ ಕೈಗೆ ಗೌನು ಯಾಕೆ ಬರಬಾರದು?

ಮೊನ್ನೆ ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಒಂದು ಮಾತು ಬಂತು. ಶನಿವಾರದ ದಿನ ಹೆಣ್ಣುಮಕ್ಕಳಿಗೆಲ್ಲ ಜೀನ್ಸ್ ಬಟ್ಟೆಯ ಪಿನಾಫೋರ್ ಹಾಕಿಸೋಣ ಅಂತ. ಪಿನಾಫೋರ್ ಅಂದರೆ ಗೊತ್ತಲ್ಲ, ತೋಳಿಲ್ಲದ ಗೌನು. ಎದೆಗೆ ಒಂದು ಚೌಕ, ಹೆಗಲ ಮೇಲೆ ಎರಡು ಪಟ್ಟಿ, ಒಳಗೆ ಒಂದು ಅಂಗಿ. ಪಟ್ಟಣದ ಇಂಗ್ಲಿಷ್ ಮೀಡಿಯಂ ಮಕ್ಕಳು ಹಾಕಿಕೊಂಡು ವ್ಯಾನು ಹತ್ತುತ್ತಾರಲ್ಲ, ಅಂಥದ್ದು. ಅಂಗಡಿಯವರ ಹತ್ತಿರ ಮಾತಾಡಿಯೂ ಆಗಿತ್ತು. ಒಂದಕ್ಕೆ 650 ರೂಪಾಯಿ. ಇಪ್ಪತ್ತರ ಮೇಲೆ ತಗೊಂಡರೆ 600.

"ಕನ್ನಡ ಸಾಲಿ ಹುಡುಗ್ರು ಅಂದ್ರೆ ಹಳೇ ಬಟ್ಟಿ ಅನ್ನಂಗಾಗೈತ್ರಿ ಸಾರ್. ನಮ್ ಮಕ್ಕಳೂ ವಾರಕ್ಕ ಒಂದಿನ ನೀಟಾಗಿ ಕಾಣ್ಲಿ" ಅಂದರು ಕಮಿಟಿಯವರೊಬ್ಬರು.

ಆ ಮಾತಿನಲ್ಲಿ ನೋವಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡುವ ಯಾರಿಗಾದರೂ ಗೊತ್ತು, ಮಗುವನ್ನು ಬಿಡಿಸಿಕೊಂಡು ಹೋಗುವ ತಂದೆತಾಯಿ ಮೊದಲು ಹೇಳುವುದು ಪಾಠದ ವಿಷಯ ಅಲ್ಲ, ಯೂನಿಫಾರ್ಮಿನ ವಿಷಯ. ಟೈ, ಶೂ, ಬೆಲ್ಟು. ನಮ್ಮಲ್ಲಿ ಮಕ್ಕಳು ಎಷ್ಟು ಚೆನ್ನಾಗಿ ಓದಿ ಬರೆದರೂ ಬೀದಿಯಲ್ಲಿ ಕಾಣುವುದು ಬಟ್ಟೆ ತಾನೇ?

ಸ್ಯಾಂಪಲ್ ಅಂತ ತಂದಿದ್ದ ಒಂದು ಗೌನು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಸವರಿ ನೋಡಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಅದನ್ನು ತಿರುಗಿಸಿ ಒಳಭಾಗ ನೋಡಿದರು. ಬೆರಳು ಹಾಕಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಇದು ಸುಳ್ಳು ಜೇಬ್ರಿ ಸಾರ್. ಹೊಲಿಗಿ ಗೆರೆ ಅಷ್ಟೇ ಐತಿ, ಒಳಗ ಚೀಲನೇ ಇಲ್ಲ."

ನೋಡಿದರೆ ಹೌದು! ಜೇಬಿನ ಹಾಗೆ ಹಳದಿ ದಾರದ ಎರಡು ಗೆರೆ ಎಳೆದಿದ್ದಾರೆ, ಕೈ ಹಾಕಲು ಬಾಯಿಯೇ ಇಲ್ಲ. ನಾವು ಯಾರೂ ಗಮನಿಸದ್ದನ್ನು ಆಕೆ ಒಂದು ಕ್ಷಣದಲ್ಲಿ ಗಮನಿಸಿದ್ದು ಹೇಗೆ? ಯಾಕಂದರೆ ಆಕೆ ದಿನವಿಡೀ ಮಾಡುವುದೇ ಆ ಕೆಲಸ. ಬಳ್ಳಾರಿಯಿಂದ ಬರುವ ಜೀನ್ಸ್ ಪ್ಯಾಂಟಿಗೆ ಹಿಂದಿನ ಜೇಬು ಕೂರಿಸುವುದು.

"ಹಂಗಿದ್ರೆ ಅಮ್ಮಾ, ಇಂಥದ್ದೊಂದು ನೀವೇ ಹೊಲಿದುಬಿಡಿ, ಖರೇ ಜೇಬು ಇಟ್ಟು" ಅಂದೆ ನಾನು.

"ಅಯ್ಯ ಇಲ್ರಿ ಸಾರ್. ನನಗ ಜೇಬಷ್ಟೇ ಬರ್ತದ. ಗೌನು ಬರಂಗಿಲ್ರಿ."

ಎಲ್ಲರೂ ನಕ್ಕರು. ಆಕೆಯೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅವತ್ತಿನಿಂದ ಆ ಮಾತು ತಲೆಯಲ್ಲಿ ಕೂತಿದೆ. ನಾಳೆ ಕಮಿಟಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೇ. ಜೀನ್ಸ್ ಹೊಲಿದೇ ಹೊಟ್ಟೆ ಹೊರೆಯುವ ಊರಿನ ಕನ್ನಡ ಶಾಲೆ ತನ್ನ ಮಕ್ಕಳಿಗೆ ಜೀನ್ಸ್ ಗೌನನ್ನು ಅಂಗಡಿಯಿಂದ ಕೊಂಡು ತರುವುದು ಮರ್ಯಾದೆಯ ಕೆಲಸ ಅಲ್ಲ. ಅದನ್ನು ಮನೆಯಲ್ಲಿ, ಶಾಲೆಯಲ್ಲಿ ನಾವೇ ಹೊಲಿಯಬೇಕು. ಹೊಲಿಯುವುದನ್ನು ಪೂರ್ತಿಯಾಗಿ, ಅಳತೆಯಿಂದ ಹಿಡಿದು ಗುಂಡಿಯ ತನಕ, ಮಕ್ಕಳಿಗೆ ಕಲಿಸಬೇಕು.

ಹೊರಗಿನವರಿಗೆ ನಮ್ಮ ಕಡೆಯ ವಿಷಯ ಸ್ವಲ್ಪ ಹೇಳಬೇಕು. ರಾಯದುರ್ಗ ಹಿಂದೆ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಗೆರೆ ಬಿತ್ತು. ಆದರೆ ಆ ಗೆರೆ ಜೀನ್ಸಿಗೆ ಗೊತ್ತಿಲ್ಲ. ಬಳ್ಳಾರಿಯಲ್ಲಿ ಕತ್ತರಿಸಿದ ಬಟ್ಟೆಯ ಗಂಟು ಇವತ್ತೂ ಟೆಂಪೋದಲ್ಲಿ ನಮ್ಮ ಕಡೆ ಬರುತ್ತದೆ, ಹೊಲಿದ ಮೇಲೆ ವಾಪಸ್ಸು ಹೋಗುತ್ತದೆ. ರಾಯದುರ್ಗದಲ್ಲೂ ಜೀನ್ಸ್ ಕಾರ್ಖಾನೆಗಳಿವೆ. ಮಳೆ ನಂಬಿದರೆ ಹೊಟ್ಟೆ ತುಂಬದ ಸೀಮೆ ಇದು. ಹೊಲದಲ್ಲಿ ಶೇಂಗಾ ಕೈಕೊಟ್ಟ ವರ್ಷ ಮನೆ ನಡೆಸಿದ್ದು ಈ ಮಿಷಿನ್ನುಗಳೇ. ಹಾಗಾಗಿ ಆ ಕೆಲಸದ ಬಗ್ಗೆ ನನಗೆ ಕೀಳು ಭಾವನೆ ಇಲ್ಲ.

ಆದರೆ ಆ ಕೆಲಸ ಹೇಗೆ ಹಂಚಿಹೋಗಿದೆ ನೋಡಿ. ಮಾಲೀಕರ ಜಾಗದಲ್ಲಿ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಮಾದರಿ ಇಟ್ಟು, ಮಿಷಿನ್ನಿನಲ್ಲಿ ಒಂದೇ ಸಲ ಕತ್ತರಿಸುತ್ತಾರೆ. ಆಮೇಲೆ ಗಂಟು ಕಟ್ಟುತ್ತಾರೆ. ಒಂದು ಮನೆಗೆ ಜೇಬು, ಇನ್ನೊಂದು ಮನೆಗೆ ಜಿಪ್ಪು, ಮತ್ತೊಂದು ಕಡೆ ಕಾಲಿನ ಪಕ್ಕದ ಹೊಲಿಗೆ, ಸೊಂಟದ ಪಟ್ಟಿ ಬೇರೆ, ಕಾಜಾ ಬೇರೆ, ರಿವಿಟ್ ಬೇರೆ, ವಾಷಿಂಗ್ ಬೇರೆ. ಒಬ್ಬರು ಒಂದೇ ಕೆಲಸ ಮಾಡಿದರೆ ಕೈ ಓಡುತ್ತದೆ, ನಿಜ. ಆದರೆ ಹತ್ತು ವರ್ಷ ಜೇಬು ಕೂರಿಸಿದ ಮೇಲೂ ಆಕೆಗೆ ಒಂದು ಪ್ಯಾಂಟು ಹೊಲಿಯಲು ಬರುವುದಿಲ್ಲ. ಯಾಕಂದರೆ ಅಳತೆ ಮತ್ತು ಕತ್ತರಿ ಆಕೆಯ ಕೈಗೆ ಬಂದೇ ಇಲ್ಲ. ಕತ್ತರಿ ಯಾರ ಕೈಯಲ್ಲಿದೆಯೋ ಲಾಭ ಅವರದ್ದು. ದಾರ ಯಾರ ಕೈಯಲ್ಲಿದೆಯೋ ಬೆನ್ನುನೋವು ಅವರದ್ದು.

ಈ ಕತೆ ಹೊಸದೂ ಅಲ್ಲ. ಜೀನ್ಸಿನ ಜೇಬಿನ ಮೂಲೆಯಲ್ಲಿ ತಾಮ್ರದ ಸಣ್ಣ ಗುಬ್ಬಿ ಇರುತ್ತದಲ್ಲ, ಅದನ್ನು ಮೊದಲು ಹೊಡೆದದ್ದು ಅಮೆರಿಕದ ನೆವಾಡಾದ ರೀನೋ ಊರಿನ ಜೇಕಬ್ ಡೇವಿಸ್ ಎಂಬ ಟೈಲರ್. ಕೂಲಿಯವರ ಪ್ಯಾಂಟಿನ ಜೇಬು ಹರಿಯದಿರಲಿ ಅಂತ. ಪೇಟೆಂಟ್ ಮಾಡಿಸುವುದಕ್ಕೆ ಆತನ ಹತ್ತಿರ ದುಡ್ಡಿರಲಿಲ್ಲ. ತನಗೆ ಬಟ್ಟೆ ಮಾರುತ್ತಿದ್ದ ವ್ಯಾಪಾರಿಗೆ ಕಾಗದ ಬರೆದ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಆ ವ್ಯಾಪಾರಿಯ ಹೆಸರು ಲೀವೈ ಸ್ಟ್ರಾಸ್. ಇವತ್ತು ಲೀವೈಸ್ ಅಂದರೆ ನಮ್ಮ ಏಳನೇ ತರಗತಿಯ ಹುಡುಗನಿಗೂ ಗೊತ್ತು. ಜೇಬು ಗಟ್ಟಿ ಮಾಡಿದ ಟೈಲರ್ ಡೇವಿಸ್ ಯಾರಿಗೆ ಗೊತ್ತು?

ಇನ್ನು ಆ ಬಟ್ಟೆಯ ದೊಡ್ಡಸ್ತಿಕೆ. ಜೀನ್ಸ್ ಹಾಕಿದರೆ ಇಂಗ್ಲಿಷ್ ಮೀಡಿಯಂ ಕಳೆ ಬರುತ್ತದಂತೆ! ಸ್ವಾಮಿ, ಇದು ಹುಟ್ಟಿದಾಗಿನಿಂದ ಕೂಲಿಯವರ ಬಟ್ಟೆ. ಡೆನಿಮ್ ಎಂಬ ಹೆಸರು ಫ್ರಾನ್ಸಿನ ನೀಮ್ ಎಂಬ ಊರಿನಿಂದ ಬಂದದ್ದು ಅಂತಾರೆ. ಆದರೆ ಇದೇ ಎದೆಚೌಕ, ಹೆಗಲಪಟ್ಟಿಯ ಉಡುಪಿಗೆ ಡಂಗರಿ ಅಂತಾರಲ್ಲ, ಆ ಪದ ಹೊರಟದ್ದು ನಮ್ಮ ದೇಶದಿಂದಲೇ. ಮುಂಬಯಿಯ ಡೋಂಗ್ರಿ ಕಡೆ ಮಾರುತ್ತಿದ್ದ ಒರಟು ಹತ್ತಿ ಬಟ್ಟೆ ಡುಂಗ್ರಿ. ಅದೇ ಹಡಗು ಹತ್ತಿ ಹೋಗಿ ಡಂಗರಿ ಆಯಿತು. ನೂಲಿನ ಬಣ್ಣವೂ ನೀಲಿಗಿಡದ್ದು, ಅದನ್ನೂ ಬೆಳೆದದ್ದು ನಾವು. ನಮ್ಮ ಕೂಲಿಯವರ ಬಟ್ಟೆಯನ್ನೇ ದೊಡ್ಡವರ ಬಟ್ಟೆ ಅಂತ ನಮಗೇ 600 ರೂಪಾಯಿಗೆ ಮಾರುತ್ತಾರೆ. ಅದೂ ಸುಳ್ಳು ಜೇಬು ಇಟ್ಟು.

ಬರೀ ಮಾತಾಡಿದರೆ ಮೇಷ್ಟ್ರು ಭಾಷಣ ಮಾಡ್ತಾರೆ ಅಂತಾರೆ. ಅದಕ್ಕೆ ಮುಂದಿನ ಭಾನುವಾರ ಆ ತಾಯಿಯ ಮನೆಯಲ್ಲೇ ಕೂತೆವು. ಆಕೆ, ಐದನೇ ತರಗತಿಯ ಮಗಳು, ಊರಿನ ಹಳೇ ಟೈಲರ್ ತಾತ ಒಬ್ಬರು, ನಾನು. ಈ ತಾತನ ವಿಷಯ ಒಂದು ಮಾತು. 1990ರ ದಶಕದ ನಡುವೆ ಅರವಿಂದ್ ಮಿಲ್ಲಿನವರು ರಫ್ ಅಂಡ್ ಟಫ್ ಅಂತ ಒಂದು ಕಿಟ್ ತಂದಿದ್ದರು, ನೆನಪಿರಬಹುದು. ಪೊಟ್ಟಣದಲ್ಲಿ ಜೀನ್ಸ್ ಬಟ್ಟೆ, ಜಿಪ್ಪು, ರಿವಿಟ್ಟು, ಗುಂಡಿ ಎಲ್ಲ ಇರುತ್ತಿತ್ತು. ಊರಿನ ಟೈಲರ್ ಹೊಲಿದುಕೊಡಬೇಕು. ತಾತ ಅಂಥವನ್ನು ಎಷ್ಟೋ ಹೊಲಿದವರು. ಅಂದರೆ ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಹಳ್ಳಿ ಟೈಲರಿಗೆ ಪೂರ್ತಿ ಜೀನ್ಸ್ ಬರುತ್ತಿತ್ತು. ಈಗ ಅವರ ಹತ್ತಿರ ಹೋಗುವುದು ಫಾಲ್ಸ್ ಹಚ್ಚಿಸುವುದಕ್ಕೆ, ಜಿಪ್ಪು ಬದಲಾಯಿಸುವುದಕ್ಕೆ.

ನಾವು ಮಾಡಿದ್ದು ಹೀಗೆ. ಮಾಡಬೇಕು ಅನ್ನುವವರಿಗೆ ಅನುಕೂಲ ಆಗಲಿ ಅಂತ ಬಿಡಿಸಿ ಬರೆಯುತ್ತೇನೆ.

ತಂದೆಯ ಹಳೇ ಜೀನ್ಸ್, 34 ಸೊಂಟದ್ದು, ಮೊಣಕಾಲ ಹತ್ತಿರ ಸ್ವಲ್ಪ ಸವೆದದ್ದು. ಒಗೆದು ಒಣಗಿಸಿ ಇಟ್ಟಿದ್ದರು. ಹೊಸ ಬಟ್ಟೆ ತಂದರೂ ಮೊದಲು ಎರಡು ಸಲ ಬೇರೆಯಾಗಿ ಒಗೆಯಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ, ಒಳಗಿನ ಬಿಳಿ ಅಂಗಿಗೆ ನೀಲಿ ಹತ್ತುತ್ತದೆ. ಹೊಸದಾದರೆ 58 ಇಂಚು ಅಗಲದ್ದು ಒಂದೂಕಾಲು ಮೀಟರ್ ತಂದರೆ ಹತ್ತು ವರ್ಷದ ಹುಡುಗಿಗೆ ಧಾರಾಳ. ತೆಳ್ಳಗಿನ ಡೆನಿಮ್ ತಗೊಳ್ಳಿ. ನಮ್ಮ ಬಿಸಿಲಿಗೆ ದಪ್ಪದ್ದು ಮಕ್ಕಳಿಗೆ ಶಿಕ್ಷೆ.

ಹುಡುಗಿಯ ಸೊಂಟ 25 ಇಂಚು. ಮೊದಲು ಹಳೇ ಪೇಪರಿನ ಮೇಲೆ ಮಾದರಿ ಬರೆದೆವು. ಲಂಗದ ಭಾಗಕ್ಕೆ ಎರಡು ತುಂಡು: ಮೇಲೆ 14 ಇಂಚು, ಕೆಳಗೆ 22, ಎತ್ತರ 20. ಪ್ಯಾಂಟಿನ ಕಾಲಿನ ಒಳಗಡೆಯ ಹೊಲಿಗೆ ಬಿಚ್ಚಿ ಹರಡಿದರೆ ತೊಡೆಯ ಕಡೆ ಸುಮಾರು 24 ಇಂಚು ಅಗಲ ಸಿಗುತ್ತದೆ. ಆ ಅಗಲದ ಕಡೆಯನ್ನು ಕೆಳಗೆ ಮಾಡಿ ಮಾದರಿ ಇಟ್ಟರೆ ಒಂದು ಕಾಲಿಗೆ ಒಂದು ತುಂಡು ಸರಿಯಾಗಿ ಬರುತ್ತದೆ. ಕಾಲಿನ ಕೆಳಗೆ ಉಳಿದ ಗೇಣುದ್ದದ ಬಟ್ಟೆಯಲ್ಲಿ ಎದೆಯ ಚೌಕ, 8 ಇಂಚು ಅಗಲ, 9 ಇಂಚು ಎತ್ತರ, ಎರಡು ಪದರ. ಇನ್ನೊಂದು ಕಾಲಿನ ಉಳಿಕೆಯಲ್ಲಿ ಹೆಗಲಪಟ್ಟಿ, 4 ಇಂಚು ಅಗಲ. ಉದ್ದ ಸಾಲಲಿಲ್ಲ, ಹಿಂಬದಿಯ ಬಟ್ಟೆಯಿಂದ ಆರಾರು ಇಂಚು ಜೋಡಿಸಿ 22 ಮಾಡಿದೆವು. ಜೋಡಣೆ ಬೆನ್ನ ಕಡೆ ಬರುವ ಹಾಗೆ ಇಟ್ಟರೆ ಕಾಣುವುದೇ ಇಲ್ಲ.

ಸೊಂಟಪಟ್ಟಿಗೆ ಪ್ಯಾಂಟಿನದ್ದೇ ಪಟ್ಟಿ. ಗುಂಡಿ, ಕಾಜಾ ಅದರಲ್ಲೇ ಇದ್ದವು. ಬೇಕಾದ್ದು 27 ಇಂಚು. ಮಧ್ಯದಲ್ಲಿ ಕತ್ತರಿಸಿ ಕೂಡಿಸಿದೆವು. ಆ ಗುಂಡಿಯನ್ನು ಎಡಪಕ್ಕಕ್ಕೆ ತಂದು, ಕೆಳಗೆ ಐದು ಇಂಚು ಸೀಳು ಬಿಟ್ಟರೆ ಹಾಕಿ ತೆಗೆಯುವುದು ಸುಲಭ. ಪಟ್ಟಿಗಳು ಬೆನ್ನ ಮೇಲೆ ಅಡ್ಡ ದಾಟಿ ಸೊಂಟಕ್ಕೆ ಗುಂಡಿಯಲ್ಲಿ ಸೇರುತ್ತವೆ.

ಸೂಜಿ 16ನೇ ನಂಬರ್. ಹೊಲಿಗೆ ಸ್ವಲ್ಪ ಉದ್ದ ಇರಲಿ. ನಾಲ್ಕೈದು ಪದರ ಸೇರುವ ಕಡೆ ಮೊದಲು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ ದಾಟಿಸಬೇಕು. ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ಇದನ್ನು ಆ ತಾಯಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಿಷಿನ್ ಮುಂದೆ ಕೂತಮೇಲೆ ತಾತ, ನಾನು ಇಬ್ಬರೂ ಬರೀ ಪ್ರೇಕ್ಷಕರು! ಕೆಳಗೆ ಅಂಚನ್ನು ಎರಡು ಇಂಚು ಮಡಿಸಿ ಬಿಟ್ಟೆವು. ಹುಡುಗಿ ಬೆಳೆದ ಹಾಗೆ ಬಿಚ್ಚಬಹುದು. ಪಟ್ಟಿಯ ತುದಿಯಲ್ಲೂ ಎರಡು ಕಾಜಾ ಹೆಚ್ಚಿಗೆ. ಅಂಗಡಿಯದ್ದರಲ್ಲಿ ಅಂಚು ಎಷ್ಟಿತ್ತು ಗೊತ್ತೇ? ಬೆರಳಗಲವೂ ಇಲ್ಲ. ಮುಂದಿನ ವರ್ಷ ಮತ್ತೆ 600.

ಕೊನೆಗೆ ಜೇಬು. ಪ್ಯಾಂಟಿನ ಹಿಂದಿನ ಎರಡು ಜೇಬನ್ನು ಬಿಚ್ಚಿಟ್ಟಿದ್ದರು. ಅವನ್ನು ಲಂಗದ ಮುಂದೆ ಎಡಕ್ಕೊಂದು ಬಲಕ್ಕೊಂದು ಕೂರಿಸಲು ಆಕೆಗೆ ಹಿಡಿದದ್ದು ಕೆಲವೇ ನಿಮಿಷ. ಹುಡುಗಿ ಹಾಕಿಕೊಂಡು ಮೊದಲು ಮಾಡಿದ್ದು ಎರಡೂ ಕೈ ಜೇಬಿಗೆ ಹಾಕಿದ್ದು. ಹೆಣ್ಣುಮಕ್ಕಳ ಬಟ್ಟೆಗೆ ಜೇಬು ಇಡುವುದಿಲ್ಲ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪೆನ್ಸಿಲ್ಲು, ಚಿಲ್ಲರೆ, ಕರ್ಚೀಫು ಅವರಿಗೆ ಬೇಡವೇ? ಖರ್ಚು ದಾರ, ಸೂಜಿ, ಎರಡು ಗುಂಡಿ ಸೇರಿ 70 ರೂಪಾಯಿ ದಾಟಲಿಲ್ಲ.

ಇನ್ನು ಆಕ್ಷೇಪಣೆಗಳಿಗೆ ಬರುತ್ತೇನೆ. ಒಂದೊಂದಾಗಿ.

ಮೊದಲನೆಯದು: "ರೆಡಿಮೇಡೇ ಸಸ್ತಾ ಸಾರ್. ಟೈಲರಿಗೆ ಕೊಟ್ರೆ ಬಟ್ಟೆಗಿಂತ ಕೂಲಿ ಜಾಸ್ತಿ." ಟೈಲರಿಗೆ ಕೊಟ್ಟರೆ ನಿಜ. ನಮ್ಮ ಸರ್ಕಾರ 2020ರಲ್ಲಿ ಜಗನನ್ನ ವಿದ್ಯಾ ಕಾನುಕ ಅಂತ ಕಿಟ್ ಕೊಡಲು ಶುರುಮಾಡಿದಾಗ ಮೂರು ಜೊತೆ ಯೂನಿಫಾರ್ಮ್ ಬಟ್ಟೆ ಕೊಟ್ಟು, ಎಂಟನೇ ತರಗತಿಯ ತನಕ ಒಂದು ಜೊತೆಗೆ 40 ರೂಪಾಯಿ ಹೊಲಿಗೆ ಕೂಲಿ ಅಂತ ಇಟ್ಟಿತು. 2024ರಲ್ಲಿ ಕಿಟ್ಟಿನ ಹೆಸರು ಸರ್ವೇಪಲ್ಲಿ ರಾಧಾಕೃಷ್ಣನ್ ವಿದ್ಯಾರ್ಥಿ ಮಿತ್ರ ಅಂತ ಆಯಿತು. 40 ರೂಪಾಯಿಗೆ ಯಾವ ಟೈಲರ್ ಒಂದು ಜೊತೆ ಹೊಲಿದುಕೊಡುತ್ತಾರೆ? ಆ ಕೂಲಿ ಸಾಲದು ಅಂತ ಎಲ್ಲರೂ ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಆದರೆ ಮಿಷಿನ್ ಇರುವ ಮನೆಯ ತಾಯಿಯೇ ಆ ಬಟ್ಟೆಯನ್ನು ಹೊರಗೆ ಕೊಟ್ಟು ಕೈಯಿಂದ ದುಡ್ಡು ಹಾಕುತ್ತಾಳಲ್ಲ, ಅದು ಯಾಕೆ ಅಂತ ಒಮ್ಮೆ ಕೇಳಿದ್ದೇವಾ? ಮಿಷಿನ್ ಇದೆ, ಕೈಯಲ್ಲಿ ಹಿಡಿತ ಇದೆ, ಬಟ್ಟೆ ಇದೆ. ಇಲ್ಲದ್ದು ಒಂದೇ, ಪೇಪರಿನ ಮೇಲೆ ಮಾದರಿ ಬರೆಯುವ ವಿದ್ಯೆ. ಅದು ಒಂದು ಭಾನುವಾರದಲ್ಲಿ ಬರುವಂಥದ್ದು.

ಎರಡನೆಯದು ನನ್ನ ಸಹೋದ್ಯೋಗಿಯೊಬ್ಬರದ್ದು. "ಹಳೇ ಪ್ಯಾಂಟು ಕತ್ತರಿಸಿ ಹೊಲಿದದ್ದನ್ನ ಹಾಕ್ಕೊಂಡು ಬಂದ್ರೆ ಜನ ಏನಂತಾರೆ? ಮೊದಲೇ ಕನ್ನಡ ಶಾಲೆ ಅಂದ್ರೆ ಬಡವರ ಶಾಲೆ ಅಂತಾರೆ." ಇದು ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ಮಾತು. ಬಡವರ ಶಾಲೆ ಅನ್ನುವುದು ಬೈಗುಳ ಯಾವಾಗ ಆಯಿತು? ಆ ಹುಡುಗಿ ಶನಿವಾರ ಆ ಗೌನು ಹಾಕಿಕೊಂಡು ಬಂದಳು. ಗೆಳತಿಯರು ಸುತ್ತ ನೆರೆದರು. "ಎಲ್ಲಿ ತಂದಿ?" ಅಂತ ಕೇಳಿದರು. "ನಮ್ಮಮ್ಮ ಹೊಲಿದಾಳ" ಅಂದಳು, ಕೈ ಜೇಬಿನಲ್ಲಿ ಇಟ್ಟುಕೊಂಡೇ. ನಾಚಿಕೆ ಇದ್ದದ್ದು ಮಗುವಿಗಲ್ಲ, ಸ್ಟಾಫ್ ರೂಮಿನಲ್ಲಿ ಕೂತ ನಮಗೆ. ನಮಗೆ ನಮ್ಮ ಶಾಲೆಯ ಬಗ್ಗೆ ಇರುವ ನಾಚಿಕೆಯನ್ನು 600 ರೂಪಾಯಿಯ ಗೌನಿನಿಂದ ಮುಚ್ಚಲು ಹೊರಟಿದ್ದೇವೆ. ಇಂಗ್ಲಿಷ್ ಮೀಡಿಯಂನವರ ಹಾಗೆ ಕಂಡರೆ ನಾವು ಉಳಿಯುತ್ತೇವಾ? ಅವರ ಹಾಗೆ ಕಾಣಬೇಕು ಅನ್ನುವವರು ಅಲ್ಲಿಗೇ ಹೋಗುತ್ತಾರೆ. ನಕಲು ಕೊಳ್ಳಲು ಯಾರೂ ನಮ್ಮಲ್ಲಿಗೆ ಬರುವುದಿಲ್ಲ. ನಮ್ಮಲ್ಲಿ ಮಾತ್ರ ಸಿಗುವುದು ಏನಾದರೂ ಇರಬೇಕು.

ಮೂರನೆಯ ಆಕ್ಷೇಪಣೆ ಗಟ್ಟಿಯಾದದ್ದು. ಅದನ್ನು ಹೇಳಿದ್ದು ಒಬ್ಬ ತಂದೆ. "ಸಾರ್, ನಾವು ಮಿಷಿನ್ ತುಳಿದು ತುಳಿದು ಸಾಕಾಗಿ ಮಕ್ಕಳನ್ನ ಸಾಲಿಗೆ ಕಳಿಸಿದ್ರೆ, ನೀವು ಸಾಲ್ಯಾಗೂ ಮಿಷಿನ್ನೇ ತುಳಿಸ್ತೀರೇನ್ರಿ?"

ಈ ಮಾತಿಗೆ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಯಾಕಂದರೆ ನಮ್ಮ ಮಕ್ಕಳು ಬೆಳಿಗ್ಗೆ ತೂಕಡಿಸುತ್ತಾ ಬರುವುದು ನನಗೆ ಗೊತ್ತು. ರಾತ್ರಿ ಪ್ಯಾಂಟಿನ ದಾರದ ತುದಿ ಕತ್ತರಿಸಿ, ಗಂಟು ಕಟ್ಟಿ ಮಲಗಿರುತ್ತಾರೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದಾಗ, ಶಾಲೆಯ ಸಮಯ ಬಿಟ್ಟು, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಮಕ್ಕಳು ಕೈಗೂಡಿಸಬಹುದು ಅಂತ ಬಾಗಿಲು ಬಿಟ್ಟರು. ಆ ಬಾಗಿಲಲ್ಲಿ ಎಷ್ಟು ಗಂಟು ಒಳಗೆ ಬಂದಿದೆ ಅಂತ ನಮ್ಮ ಬೀದಿಗಳಲ್ಲಿ ರಾತ್ರಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಅದು ತಪ್ಪು. ಮಾಲೀಕರ ಲೆಕ್ಕದ ಒಂದು ದಾರವನ್ನೂ ಮಗು ಕತ್ತರಿಸಬಾರದು.

ಆದರೆ ಅಣ್ಣಾ, ಆ ಕೆಲಸ ಬೇರೆ, ನಾನು ಹೇಳುವ ಕೆಲಸ ಬೇರೆ. ಅಲ್ಲಿ ಮಗು ನೂರು ಪ್ಯಾಂಟಿನ ದಾರ ಕತ್ತರಿಸುತ್ತದೆ, ಒಂದೂ ತನ್ನದಲ್ಲ, ಒಂದೂ ಪೂರ್ತಿ ಅಲ್ಲ. ಇಲ್ಲಿ ಒಂದೇ ಒಂದು ಗೌನು. ಅಳೆಯುವುದೂ ತಾನೇ, ಕತ್ತರಿಸುವುದೂ ತಾನೇ, ತಪ್ಪಿದರೆ ಬಿಚ್ಚುವುದೂ ತಾನೇ, ಹಾಕಿಕೊಳ್ಳುವುದೂ ತಾನೇ. ನೀವು ಮಿಷಿನ್ ತುಳಿದು ಸಾಕಾಗಿದ್ದು ಹೊಲಿಗೆಯಿಂದ ಅಲ್ಲ. ತುಂಡು ತುಂಡು ಮಾಡಿ ಬಿಸಾಕಿದ ಹೊಲಿಗೆಯಿಂದ. ನಿಮ್ಮ ಮಗಳು ನಾಳೆ ನರ್ಸ್ ಆಗಲಿ, ತಹಸೀಲ್ದಾರ್ ಆಗಲಿ. ಆದರೆ ಒಂದು ವೇಳೆ ಅವಳೂ ಈ ಕಸುಬಿಗೇ ಬಂದರೆ ಜೇಬಿನ ಮುಂದೆ ಕೂರುವ ಬದಲು ಕತ್ತರಿ ಹಿಡಿದು ಕೂರಲಿ. ಅಷ್ಟಾದರೂ ಶಾಲೆ ಕೊಡಬೇಕಲ್ಲವೇ?

ಇದರಲ್ಲಿ ಪಾಠ ಇಲ್ಲ ಅನ್ನುವವರಿಗೆ ಒಂದು ಲೆಕ್ಕ. ಆ ಲಂಗದ ತುಂಡು ಮೇಲೆ 14, ಕೆಳಗೆ 22, ಎತ್ತರ 20. ಇದು ಏನು? ತ್ರಾಪಿಜ್ಯ. ಎಂಟನೇ ತರಗತಿಯಲ್ಲಿ ಮಕ್ಕಳು ಉರು ಹೊಡೆದು ಪರೀಕ್ಷೆ ಆದ ಮೇಲೆ ಮರೆಯುವ ಆಕೃತಿ. ಸಮಾಂತರ ಬಾಹುಗಳ ಮೊತ್ತ 36, ಅರ್ಧ 18, ಎತ್ತರದಿಂದ ಗುಣಿಸಿದರೆ 360 ಚದರ ಇಂಚು. ಎರಡು ತುಂಡಿಗೆ 720. ಹೊಸ ಬಟ್ಟೆಯಲ್ಲಿ ಎರಡು ತುಂಡನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಇಟ್ಟರೆ ಅಗಲ ಎಷ್ಟು ಉಳಿಯುತ್ತದೆ ಅಂತ ಕೇಳಿ ನೋಡಿ, ಲೆಕ್ಕ ಬಾರದ ಹುಡುಗನೂ ಪೇಪರ್ ತಿರುಗಿಸಿ ತಿರುಗಿಸಿ ಹೇಳುತ್ತಾನೆ. ಇಂಚನ್ನು ಸೆಂಟಿಮೀಟರಿಗೆ ತರಬೇಕಾದರೆ 2.54ರಿಂದ ಗುಣಿಸಬೇಕು, ಅಲ್ಲಿಗೆ ದಶಮಾಂಶವೂ ಬಂತು. ನೂಲು ಯಾಕೆ ಹೊರಗೆ ನೀಲಿ, ಒಳಗೆ ಬಿಳಿ? ನೀಲಿ ಬಣ್ಣ ನೂಲಿನ ಒಳತನಕ ಇಳಿಯುವುದಿಲ್ಲ, ಮೇಲೆ ಮಾತ್ರ ಹತ್ತುತ್ತದೆ. ಅದಕ್ಕೇ ಮೊಣಕಾಲು ಬೆಳ್ಳಗಾಗುವುದು. ಅದು ವಿಜ್ಞಾನ.

ಮತ್ತೆ ಕನ್ನಡ. ಹಾಸು, ಹೊಕ್ಕು, ಅಂಚು, ಮಡಿಕೆ, ನೆರಿಗೆ, ಪಟ್ಟಿ, ಗುಂಡಿ, ಗೇಣು, ಮೊಳ... ಈ ಪದಗಳನ್ನು ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿದರೆ ಮಕ್ಕಳಿಗೆ ನಾಲ್ಕು ದಿನ ನೆನಪಿರುತ್ತದೆ. ಕೈಯಲ್ಲಿ ಬಟ್ಟೆ ಹಿಡಿದು ಮಾತಾಡಿದರೆ ಮರೆಯುವುದಿಲ್ಲ. ಕಾರ್ಖಾನೆಯಲ್ಲಿ ನಮ್ಮ ಜನ ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲ ಬೆರೆಸಿ ಮಾತಾಡುತ್ತಾರೆ, ಅದು ತಪ್ಪಲ್ಲ. ಆದರೆ ಕನ್ನಡ ಮಾಧ್ಯಮ ಅಂತ ಬೋರ್ಡು ಹಾಕಿಕೊಂಡ ಶಾಲೆಯಲ್ಲಿ ಮಕ್ಕಳ ಕನ್ನಡ ಪುಸ್ತಕದಲ್ಲಿ ಮಾತ್ರ ಉಳಿದರೆ ಅದು ಪರೀಕ್ಷೆ ಮುಗಿದ ದಿನ ಮುಗಿಯುತ್ತದೆ. ಕೈಕೆಲಸದಲ್ಲಿ ಉಳಿದ ಭಾಷೆಯನ್ನು ಯಾವ ಆದೇಶವೂ ಅಳಿಸಲಾರದು. 2019ರ ನವೆಂಬರಿನಲ್ಲಿ ಎಲ್ಲ ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸುವ ಆದೇಶ ಬಂದಾಗ ನಾವೆಲ್ಲ ಎಷ್ಟು ಹೆದರಿದ್ದೆವು! 2020ರ ಏಪ್ರಿಲ್ಲಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪ್ರತಿ ಸಲವೂ ಕೋರ್ಟು ನಮ್ಮನ್ನು ಕಾಯುತ್ತದೆ ಅಂತ ಕೂತರೆ ಆಗುತ್ತದೆಯೇ?

ಶಾಲೆಯಲ್ಲಿ ಕೈಕೆಲಸ ಅನ್ನುವುದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದ್ದು ಇದನ್ನೇ, ಕಸುಬಿನ ಮೂಲಕ ಪಾಠ. ನಮ್ಮ ಟಿ.ಸಿ.ಎಚ್. ದಿನಗಳಲ್ಲಿ ಕಾರ್ಯಾನುಭವ ಅಂತ ಒಂದು ವಿಷಯ ಇತ್ತು. ಕಾಜಾ ಮಾಡುವುದು, ಗುಂಡಿ ಹಚ್ಚುವುದು ನಾನು ಕಲಿತದ್ದು ಅಲ್ಲೇ. ಆ ಅವಧಿ ಆಮೇಲೆ ಗಣಿತದ ಮೇಷ್ಟ್ರಿಗೆ ಸಾಲ ಹೋಯಿತು, ವಾಪಸ್ಸು ಬರಲೇ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಊರಿನ ಕಸುಬುದಾರರ ಹತ್ತಿರ ಕಲಿಯಬೇಕು ಅಂತ ಬರೆದಿದ್ದಾರೆ. ಬರೆದದ್ದು ಒಳ್ಳೆಯದೇ. ಆದರೆ ಹತ್ತು ದಿನದ ಹೆಸರಿನಲ್ಲಿ ಅಂಗಡಿಯಿಂದ ಥರ್ಮಾಕೋಲ್ ತಂದು ಅಂಟಿಸಿ ಫೋಟೋ ಕಳಿಸುವುದಾದರೆ ಅದು ಸುಳ್ಳು ಜೇಬೇ. ಹೊರಗೆ ಗೆರೆ ಇದೆ, ಒಳಗೆ ಚೀಲ ಇಲ್ಲ.

ಹಾಗಾಗಿ ನಮ್ಮ ಕಮಿಟಿಯ ಮುಂದೆ ನನ್ನ ಬೇಡಿಕೆ ಇದು. 22 ಹೆಣ್ಣುಮಕ್ಕಳಿಗೆ 600ರಂತೆ 13,200 ರೂಪಾಯಿ. ಆ ದುಡ್ಡನ್ನು ಅಂಗಡಿಗೆ ಕೊಡಬೇಡಿ. ಅದರಲ್ಲಿ ಹಳೇ ಕಾಲ್ಮಿಷಿನ್ ಎರಡು ಬರುತ್ತವೆ, ಕತ್ತರಿ, ಟೇಪು, ಸೂಜಿ, ದಾರವೂ ಬರುತ್ತವೆ. ಶನಿವಾರ ಮಧ್ಯಾಹ್ನ ಎರಡು ಅವಧಿ ಬಿಡಿ. ಟೈಲರ್ ತಾತನಿಗೆ ಬಂದುಹೋಗುವ ಖರ್ಚು, ಒಂದಿಷ್ಟು ಗೌರವಧನ ಕೊಡೋಣ. ಆರನೇ ತರಗತಿಯ ಮೇಲಿನವರು ಕಲಿಯಲಿ. ಗಂಡುಮಕ್ಕಳೂ ಕೂರಲಿ. ನಮ್ಮ ಊರಿನ ಕಾರ್ಖಾನೆಯಲ್ಲಿ ಮಿಷಿನ್ ತುಳಿಯುವವರಲ್ಲಿ ಗಂಡಸರೂ ಇದ್ದಾರಲ್ಲ, ಶಾಲೆಯಲ್ಲಿ ಮಾತ್ರ ಹೊಲಿಗೆ ಹುಡುಗಿಯರದ್ದು ಯಾಕೆ? ಮನೆಯಿಂದ ಒಂದು ಹಳೇ ಜೀನ್ಸ್ ತರಲಿ. ಹುಡುಗಿಯರು ಗೌನು ಹೊಲಿಯಲಿ, ಹುಡುಗರು ಮೊದಲು ಒಂದು ಚೀಲ ಹೊಲಿದು ಕೈ ಕೂರಿಸಿಕೊಳ್ಳಲಿ, ಆಮೇಲೆ ತಂಗಿಗೊಂದು ಗೌನು. ಯಾರ ಮನೆಯಲ್ಲಿ ಹಳೇ ಜೀನ್ಸ್ ಇಲ್ಲವೋ ಅವರಿಗೆ ನಾನು ಕೊಡುತ್ತೇನೆ, ನಮ್ಮ ಮನೆಯಲ್ಲಿ ಮೂರಿವೆ.

ನವೆಂಬರ್ ಬಂದರೆ ಗಡಿನಾಡ ಕನ್ನಡ ಮಕ್ಕಳಿಗೆ ಅಂತ ಆಚೆಯಿಂದ ಅಭಿಮಾನಿಗಳು ಬರುತ್ತಾರೆ. ನೋಟ್‌ಬುಕ್ಕು ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಅವರ ಪ್ರೀತಿಗೆ ನಮಸ್ಕಾರ. ಈ ಸಲ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಬಟ್ಟೆ ಬೇಡ, ಮಿಷಿನ್ ಕೊಡಿ.

ಇದೇ ಕಷ್ಟ ಬೇರೆ ಕಡೆಯ ಕನ್ನಡ ಶಾಲೆಗಳಲ್ಲೂ ಇರುತ್ತದೆ. ಸೊಲ್ಲಾಪುರದ ಕಡೆ ಟವೆಲ್ಲು, ಚಾದರ ನೇಯುವ ಮನೆಗಳ ಮಕ್ಕಳು ಇರಬಹುದು, ಹೊಸೂರಿನ ಕಡೆ ಕಾರ್ಖಾನೆಗೆ ಹೋಗುವವರ ಮಕ್ಕಳು ಇರಬಹುದು. ನಿಮ್ಮ ಊರಿನ ತಾಯಂದಿರ ಕೈಯಲ್ಲಿ ಯಾವ ಕೆಲಸ ತುಂಡಾಗಿ ಬಿದ್ದಿದೆ ಅಂತ ಒಮ್ಮೆ ನೋಡಿ. ಅದನ್ನು ಪೂರ್ತಿ ಮಾಡಿ ಮಕ್ಕಳಿಗೆ ಕೊಡುವ ಜಾಗ ಶಾಲೆ ಅಲ್ಲದೆ ಮತ್ಯಾವುದು?

ಮುಂದಿನ ಸಭೆ ಇನ್ನೂ ಆಗಿಲ್ಲ. ಕಮಿಟಿ ಏನು ತೀರ್ಮಾನ ಮಾಡುತ್ತದೋ ನೋಡಬೇಕು. ಆದರೆ ಮೊನ್ನೆ ಸಂಜೆ ಆ ತಾಯಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಮಡಿಸಿದ ಪೇಪರ್.

"ಸಾರ್, ಪಕ್ಕದ ಮನಿಯಾಕಿ ತನ್ ಮಗಳಿಗೂ ಬೇಕಂತ ಕೇಳ್ಯಾಳ. ಸೊಂಟ 23 ಐತಿ. ಮ್ಯಾಲೆ 13 ಇಟ್ರೆ ಸಾಕಾಗ್ತದಲ್ರಿ?"

13ರ ಎರಡು ತುಂಡು, 26. ಹೊಲಿಗೆಗೆ ಎರಡು ಹೋದರೆ 24. ಸಾಕಾಗುತ್ತದೆ ತಾಯಿ, ಒಂದು ಇಂಚು ಸಡಿಲವೂ ಬರುತ್ತದೆ ಅಂದೆ.

"ನಾನೂ ಅಷ್ಟೇ ಲೆಕ್ಕ ಹಾಕಿದ್ನಿ" ಅಂದರು.